ಒಸಡಿಗೆ ತುಂಬದೆ ಉಳಿದ ಗಾಜಿನ ಪುಡಿ

ಇದನ್ನು ಬರೆಯುವುದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಅಂದುಕೊಂಡೆ. ತೆಗೆಸಿಕೊಂಡೆ, ಅಕ್ಷರ ಚೆನ್ನಾಗಿ ಕಾಣತೊಡಗಿತು, ಬರೆಯಲಿಲ್ಲ. ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಅಂದೆ. ಅದೂ ಮುಗಿಯಿತು. ಕಳೆದ ತಿಂಗಳು ಒಬ್ಬರ ಬಾಯಿಯ ಅಳತೆ ತೆಗೆಯುವಾಗ ನನ್ನ ಕೈ ನಡುಗಿ, ಕಲಸಿದ ಹಿಟ್ಟು ಅವರ ಅಂಗಿಯ ಮೇಲೆ ಬಿತ್ತು. ಅವತ್ತೇ ಕೆಲಸ ನಿಲ್ಲಿಸಿದೆ. ಈಗ ಬೆಳಗಿನಿಂದ ಸಂಜೆಯವರೆಗೆ ನನಗೆ ಮಾಡಲು ಏನೂ ಇಲ್ಲ. ನೆಪಗಳೂ ಉಳಿದಿಲ್ಲ.

ನಾನು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನು. ಭದ್ರಾವತಿಯ ಜನ್ನಾಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ ಮಾಡುತ್ತಿದ್ದೆ. ಶಿವಮೊಗ್ಗದ ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕೊಟ್ಟರೆ, ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ಮಾಡಿ, ಮೇಣದಲ್ಲಿ ಹಲ್ಲು ಜೋಡಿಸಿ, ಸೆಟ್ ತಯಾರಿಸಿ ಕೊಡುವುದು ನನ್ನ ಕೆಲಸ. ಪ್ರತಿ ಗುರುವಾರ ಆ ವಾರದ ಸೆಟ್ಟುಗಳನ್ನು ಪೇಪರಿನಲ್ಲಿ ಸುತ್ತಿ, ಟಿಫಿನ್ ಕ್ಯಾರಿಯರಿನಲ್ಲಿಟ್ಟುಕೊಂಡು ಪ್ರೈವೇಟ್ ಬಸ್ಸು ಹತ್ತುತ್ತಿದ್ದೆ. ಕಂಡಕ್ಟರ್ ಪ್ರತಿ ಸಲ ಒಂದೇ ತಮಾಷೆ ಮಾಡುತ್ತಿದ್ದ: "ಇವತ್ತೇನು ಪಲ್ಯ, ಸಾರ್?" ನಾನು "ಕೋಸಂಬರಿ ಕಣಪ್ಪ, ಕಚ್ಚುತ್ತೆ, ಮುಟ್ಬೇಡ" ಅನ್ನುತ್ತಿದ್ದೆ.

ಭದ್ರಾವತಿಯ ಎಷ್ಟೋ ಜನ ಡಾಕ್ಟರ ಬಳಿ ಹೋಗದೆ ನೇರ ನನ್ನ ಹತ್ತಿರವೇ ಬರುತ್ತಿದ್ದರು. ಬಾಯಿಯೊಳಗೆ ಕೈ ಹಾಕುವ ಹಕ್ಕು ನನಗಿರಲಿಲ್ಲ. ಆದರೂ ಅಳತೆ ತೆಗೆಯುತ್ತಿದ್ದೆ, ಈ ಹಲ್ಲು ಇರಲಿ, ಆ ಹಲ್ಲು ಕೀಳಿಸಿ ಎಂದು ಹೇಳುತ್ತಿದ್ದೆ. ಬೀದಿಯವರು ನನ್ನನ್ನು 'ಹಲ್ಲಿನ ಡಾಕ್ಟ್ರು' ಎಂದು ಕರೆಯುತ್ತಿದ್ದರು. ಹಾಗನ್ನಬೇಡಿ ಎಂದು ಒಂದು ದಿನವೂ ಹೇಳಿದವನಲ್ಲ.

ನನಗೊಬ್ಬ ಗೆಳೆಯನಿದ್ದ. ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನದು ವಾಲಗದವರ ಮನೆತನ. ಅವನ ಅಪ್ಪ ಊದುತ್ತಿದ್ದ ನಾಗಸ್ವರವನ್ನೇ ಅವನೂ ಊದುತ್ತಿದ್ದ. ಅವನ ತಮ್ಮ ಡೋಲು. ಭದ್ರಾವತಿಯಲ್ಲಿ, ಶಿವಮೊಗ್ಗದಲ್ಲಿ ಮದುವೆ ಗೊತ್ತಾದರೆ ಕೆಲವು ಮನೆಯವರು ಛತ್ರಕ್ಕಿಂತ ಮೊದಲು ಅವನ ದಿನ ಕೇಳುತ್ತಿದ್ದರು. ಸಂಗೀತ ನನಗೆ ತಿಳಿಯದು. ಆದರೆ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದ ತಕ್ಷಣ ಅವನ ನಾಗಸ್ವರ ಎದ್ದು ನಿಲ್ಲುತ್ತಿತ್ತಲ್ಲ, ಆಗ ಮದುವೆಗೆ ಬಂದ ಹೆಂಗಸರು ಮಾತು ನಿಲ್ಲಿಸಿ ಎದೆ ಮೇಲೆ ಕೈಯಿಟ್ಟುಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಊದುವುದನ್ನು ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಬೇರೆ ಏನೂ ಬೇಕಾಗಿಯೂ ಇರಲಿಲ್ಲ.

ಅರವತ್ತು ದಾಟುವ ಹೊತ್ತಿಗೆ ಅವನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅಲ್ಲಾಡತೊಡಗಿದವು. ಅವನೇ ನನಗೆ ತೋರಿಸಿದ್ದ, ನಾಲಿಗೆಯಿಂದ ತಳ್ಳಿ. "ತುಟಿ ಹಿಂದೆ ಗೋಡೆ ಇಲ್ಲದಂಗಾಗಿದೆ ಮಾರಾಯ. ಪೀಪಿ ಬಿಗಿ ಹಿಡಿಯಕ್ಕೆ ಹೋದ್ರೆ ಹಲ್ಲು ಹಿಂದಕ್ಕೆ ಹೋಗುತ್ತೆ" ಅಂದ. ಊದುವ ತುದಿಯಲ್ಲಿರುವ ಆ ಸಣ್ಣ ಪೀಪಿಯನ್ನು ಹಿಡಿಯುವುದು ತುಟಿಯಾದರೂ, ತುಟಿಗೆ ಬಲ ಕೊಡುವುದು ಹಲ್ಲು ಎಂಬುದು ನನಗೆ ಗೊತ್ತಾದದ್ದೇ ಅವತ್ತು. ಇಷ್ಟು ವರ್ಷ ಹಲ್ಲು ಮಾಡಿದವನಿಗೆ.

ಅವನ ಹೆಂಡತಿ ಏಳನೇ ಕ್ಲಾಸಿನವರೆಗೆ ಓದಿದವಳು. ಅವಳಿಗೆ ಅಣ್ಣತಮ್ಮಂದಿರಿಲ್ಲ. ಮದುವೆಯ ದಿನ ಅವಳ ಕೈಗೆ ಅರಳು ಹಾಕಲು ಅಣ್ಣನ ಜಾಗದಲ್ಲಿ ನನ್ನನ್ನೇ ನಿಲ್ಲಿಸಿದ್ದರು. ಅವತ್ತಿನಿಂದ ಅವಳು ನನ್ನನ್ನು ಅಣ್ಣಾ ಎಂದೇ ಕರೆಯುತ್ತಾಳೆ. ಗಂಡನಿಗೆ ತಿಳಿಸದೆ ಯಾರು ಯಾರನ್ನೋ ವಿಚಾರಿಸಿ, ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಒಬ್ಬ ಡಾಕ್ಟರಮ್ಮನ ಬಳಿ ಅವನನ್ನು ಕರೆದುಕೊಂಡು ಹೋದವಳು ಅವಳೇ. ನಾನು ಗುರುವಾರ ಸೆಟ್ ಕೊಡುತ್ತಿದ್ದ ಕ್ಲಿನಿಕ್ಕುಗಳಲ್ಲಿ ಅದೂ ಒಂದು.

ಮುಂದಿನ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನನ್ನ ಕೋಣೆಗೆ ಬಂದರು. ಅವಳ ಕೈಯಲ್ಲಿ ಎಕ್ಸ್‌ರೇ ಕವರು, ಒಂದು ಚೀಟಿ.

"ಅಣ್ಣಾ, ಡಾಕ್ಟರಮ್ಮ ಹೇಳಿದ್ದನ್ನ ನೀವೊಂದ್ಸಲ ಕೇಳಿ. ಇವರು ನಿಮ್ಮ ಮಾತಾದ್ರೆ ಕೇಳ್ತಾರೆ."

"ಕೂತ್ಕೊಳಮ್ಮ. ಏನಂತೆ?"

"ಒಸಡು ಬಿಡಿಸಿ ಒಳಗೆಲ್ಲ ಕ್ಲೀನ್ ಮಾಡ್ತಾರಂತೆ. ಹಲ್ಲಿನ ಬೇರಿನ ಸುತ್ತ ಮೂಳೆ ಸವೆದು ಗುಂಡಿ ಆಗಿದೆಯಂತೆ. ಅದಕ್ಕೆ ಪುಡಿ ತುಂಬಿ ಹೊಲೀತಾರಂತೆ. ಆರು ತಿಂಗಳಲ್ಲಿ ಅಲ್ಲಿ ಮೂಳೆ ಬೆಳೆಯುತ್ತಂತೆ. ಹಲ್ಲು ಕೀಳೋದೇ ಬೇಡ ಅಂದ್ರು."

"ಎಂಥ ಪುಡಿ?"

ಅವಳು ಗಂಡನ ಮುಖ ನೋಡಿದಳು. ಅವನು ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. "ಹೇಳು, ಹೇಳು. ನಗ್ತಾನೆ ನೋಡೀಗ" ಅಂದ.

"ಗಾಜಿನ ಪುಡಿ" ಅಂದಳು.

ನಾನು ನಗಲಿಲ್ಲ.  ಇದನ್ನು ನಂಬಬೇಕು, ಆ ಗಳಿಗೆಯಲ್ಲಿ ನಾನು ನಿಜವಾಗಿ ಹೆದರಿದ್ದೆ. ಹುಡುಗರಾಗಿದ್ದಾಗ ನಾನೂ ಅವನೂ ಒಡೆದ ಬಲ್ಬನ್ನು ಕುಟ್ಟಿ, ಅಂಟಿನಲ್ಲಿ ಕಲಸಿ ಗಾಳಿಪಟದ ದಾರಕ್ಕೆ ಹಚ್ಚುತ್ತಿದ್ದೆವು. ಆ ದಾರ ಅವನ ಬೆರಳನ್ನು ಕುಯ್ದದ್ದನ್ನು ಕಂಡಿದ್ದೆ. ಅನ್ನದಲ್ಲಿ ಗಾಜಿನ ಪುಡಿ ಕಲಸಿ ನಾಯಿ ಕೊಂದ ಕಥೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂಥದ್ದನ್ನು ಮನುಷ್ಯನ ಒಸಡು ಸೀಳಿ ಒಳಗಿಟ್ಟು ಹೊಲಿಯುತ್ತಾರೆಂದರೆ!

"ಇವನಿಗೆ ಗಾಜಾ? ದಿನಕ್ಕೆ ಮೂರು ನಾಲ್ಕು ಗಂಟೆ ಉಸಿರು ಕಟ್ಟಿ ಊದೋನಿಗೆ? ಒಂದು ಕಣ ಜಾರಿ ಶ್ವಾಸಕ್ಕೆ ಹೋದ್ರೆ ಏನಮ್ಮ ಗತಿ?"

"ಇದು ಕುಡಿಯೋ ಲೋಟದ ಗಾಜಲ್ಲ ಅಂದ್ರು ಅಣ್ಣಾ. ಮೈಯೊಳಗೆ ನಿಧಾನಕ್ಕೆ ಕರಗುತ್ತಂತೆ."

ಆಗ ಹೆದರಿಕೆ ಕಳೆದು ನನಗೆ ನಗು ಬಂತು. "ಗಾಜು ಕರಗುತ್ತಾ? ಹಂಗಾದ್ರೆ ನೀನು ಪಾತ್ರೆ ತೊಳೆಯೋವಾಗ ಈ ಬಳೆ ಎಲ್ಲ ಯಾವತ್ತೋ ಕರಗಿ ಹೋಗ್ಬೇಕಿತ್ತಲ್ಲಮ್ಮ!"

ಗೆಳೆಯ ತೊಡೆ ತಟ್ಟಿಕೊಂಡು ನಕ್ಕ. "ನಾನು ಹೇಳ್ಲಿಲ್ವೇನೇ? ಇವಳಿಗೆ ಶಿವಮೊಗ್ಗದಲ್ಲಿ ಯಾರು ಏನು ಹೇಳಿದ್ರೂ ನಿಜ ಕಣೋ. ನಾಳೆ ಕಬ್ಬಿಣದ ಚೂರು ತಿನ್ನಿ ಅಂದ್ರೂ ಹುರಿದು ಬಡಿಸ್ತಾಳೆ."

ಅವಳು ತನ್ನ ಬಳೆಗಳನ್ನು ಒಮ್ಮೆ ನೋಡಿಕೊಂಡು ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡಳು. 

ನಾನೇ ದಾರಿ ಹೇಳಿದೆ. ಎರಡು ಹಲ್ಲು ಹೇಗೂ ಹೋಗುತ್ತವೆ. ಅವುಗಳ ಅಕ್ಕಪಕ್ಕದ ಇನ್ನೆರಡನ್ನೂ ತೆಗೆಸಿಬಿಟ್ಟರೆ ಕೃತಕ ಹಲ್ಲು ಕೂರಿಸಿದ ಪ್ಲೇಟು ಚೆನ್ನಾಗಿ ಕೂರುತ್ತದೆ, ನೋಡುವುದಕ್ಕೂ ಒಂದೇ ಸಮ. ನಮ್ಮ ಕೆಲಸದಲ್ಲಿ ಹಾಗೆ ಹೇಳುವ ರೂಢಿ ಇತ್ತು. ಒಂದೊಂದು ಹಲ್ಲಿನ ಸಂದಿಗೆ ಪ್ಲೇಟು ಹೊಂದಿಸುವುದು ಕಷ್ಟ. ಅಗಲವಾದ ಜಾಗವಿದ್ದರೆ ಸುಲಭ. ಸುಲಭ ಯಾರಿಗೆ ಎಂದು ಯಾವ ರೋಗಿಯೂ ಕೇಳುತ್ತಿರಲಿಲ್ಲ. ಅವನೂ ಕೇಳಲಿಲ್ಲ. ಎಂಟು ದಿನ ಬಿಟ್ಟು ಬರುವ ಸೋಮವಾರ ಕೀಳಿಸುವುದೆಂದು ಅಲ್ಲೇ ಗೊತ್ತಾಯಿತು.

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಅರೆಬರೆ ಬಲ್ಲವನ ತಪ್ಪು ಎಂದು ಬರೆದು ಮುಗಿಸಬಹುದಿತ್ತು.

ಆ ಗುರುವಾರ ದುರ್ಗಿಗುಡಿಯ ಕ್ಲಿನಿಕ್ಕಿನಲ್ಲಿ ಸೆಟ್ ಕೊಟ್ಟು, ಡಾಕ್ಟರಮ್ಮನನ್ನು ಸ್ವಲ್ಪ ಕೆಣಕುವ ದನಿಯಲ್ಲೇ ಕೇಳಿದೆ: "ಬಾಯಿಗೆ ಗಾಜು ತುಂಬ್ತೀರಂತಲ್ಲ, ಡಾಕ್ಟ್ರೇ?" ಆಕೆ ನನ್ನ ಮಗಳ ವಯಸ್ಸಿನವರು. ಬೇಜಾರು ಮಾಡಿಕೊಳ್ಳಲಿಲ್ಲ. "ಬನ್ನಿ ಅಂಕಲ್, ತೋರಿಸ್ತೀನಿ" ಎಂದು ಒಳಗೆ ಕರೆದರು. ಬೆಳಿಗ್ಗೆ ಯಾರಿಗೋ ತುಂಬಿ ಉಳಿದಿದ್ದ, ಇನ್ನು ಎಸೆಯಬೇಕಿದ್ದ ಚೂರು ಪುಡಿಯನ್ನು ನನ್ನ ಅಂಗೈಗೆ ತಟ್ಟಿದರು. ಬಿಳಿ ಬಣ್ಣ, ಸಣ್ಣ ರವೆಯಂತೆ. ಬೆರಳಲ್ಲಿ ತಿಕ್ಕಿದೆ, ಕುಯ್ಯಲಿಲ್ಲ.

"ಗಾಜು ಅಂದ್ರೆ ಒಂದೇ ಥರ ಅಲ್ಲ ಅಂಕಲ್. ಕಿಟಕಿ ಗಾಜಲ್ಲಿ ಮರಳಿನ ಅಂಶ ಜಾಸ್ತಿ, ಅದು ನೀರಿಗೆ ಜಗ್ಗಲ್ಲ. ಇದರಲ್ಲಿ ಅದು ಕಡಿಮೆ. ಸುಣ್ಣದ ಅಂಶ, ಸೋಡಾ ಜಾಸ್ತಿ, ಸ್ವಲ್ಪ ರಂಜಕಾನೂ ಇದೆ. ರಕ್ತ ತಾಗಿದ ಕೂಡ್ಲೇ ಮೇಲ್ಮೈ ಕರಗಕ್ಕೆ ಶುರುವಾಗುತ್ತೆ. ಕರಗಿದ ಸುಣ್ಣ, ರಂಜಕ ಸೇರ್ಕೊಂಡು ಅದರ ಮೈಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತೆ. ಆ ಪದರ ಹೆಚ್ಚುಕಮ್ಮಿ ನಮ್ಮ ಮೂಳೆಯಲ್ಲಿರೋದೇ. ಪಕ್ಕದ ಮೂಳೆ ಅದನ್ನ ಹೊರಗಿಂದು ಅಂತ ತಳ್ಳಲ್ಲ, ಹತ್ಕೊಂಡು ಬರುತ್ತೆ. ಇದು ಕರಗ್ತಾ ಹೋಗುತ್ತೆ, ಅದು ಬೆಳೀತಾ ಬರುತ್ತೆ."

ನನ್ನ ಅಂಗೈ ಮೇಲಿನ ಪುಡಿಗೆ ಒಂದು ತೊಟ್ಟು ಉಪ್ಪುನೀರು ಬಿಟ್ಟರು. ಚೆಲ್ಲಾಡುತ್ತಿದ್ದ ಕಣಗಳೆಲ್ಲ ಒಂದಕ್ಕೊಂದು ಅಂಟಿ, ಹೊಳೆಯ ಒದ್ದೆ ಮರಳಿನಂತೆ ಗುಡ್ಡೆ ನಿಂತವು. "ನೋಡಿ, ಹೀಗೆ ಕೂರುತ್ತೆ. ಉದುರಲ್ಲ, ಹಾರಲ್ಲ. ಮೇಲೆ ಹೊಲಿಗೆ ಇರುತ್ತೆ" ಅಂದರು.

 ಆದರೂ ಕೇಳಿದೆ: "ಗ್ಯಾರಂಟಿನಾ?"

"ಗ್ಯಾರಂಟಿ ಅಂತ ನಾನು ಯಾರಿಗೂ ಹೇಳಲ್ಲ. ಎಲ್ಲ ಹಲ್ಲೂ ಉಳಿಯಲ್ಲ. ಹೊಗೆಸೊಪ್ಪು ಬಿಡ್ಬೇಕು, ದಿನಾ ಕ್ಲೀನಾಗಿ ಇಟ್ಕೋಬೇಕು. ನೀವು ಆ ವಾಲಗದವರ ವಿಷಯ ಕೇಳ್ತಿದೀರಾ ಅಲ್ವಾ? ಅವರ ಹಲ್ಲಿನ ಸುತ್ತ ಇರೋ ಗುಂಡಿಗೆ ಮೂರು ಕಡೆ ಗೋಡೆ ಉಳಿದಿದೆ. ಪುಡಿ ನಿಲ್ಲುತ್ತೆ. ನಮ್ಮಪ್ಪನ ಹಲ್ಲಾಗಿದ್ರೆ ನಾನು ತುಂಬ್ತಿದ್ದೆ. ಕೀಳಿಸ್ಬೇಡಿ ಅಂತ ನೀವೂ ಒಂದ್ಮಾತು ಹೇಳಿ ಅಂಕಲ್."

"ಆಗ್ಲಿ" ಎಂದು ಬಂದೆ. ಬಸ್ಸಿನಲ್ಲಿ ಅಂಗೈ ತೆರೆದು ನೋಡಿಕೊಂಡೆ. ಗೆರೆಗಳ ಸಂದಿಯಲ್ಲಿ ಎರಡು ಮೂರು ಬಿಳಿಯ ಕಣ ಇನ್ನೂ ಇದ್ದವು. ನಾನು ಮೂರ್ಖನಾಗಿದ್ದೆ ಎಂಬುದು ಸ್ಪಷ್ಟವಾಗಿತ್ತು. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.

ಶನಿವಾರ ಅವನ ಮನೆಗೆ ಹೋದೆ. ಹೇಳುವುದಕ್ಕೆಂದೇ ಹೋದದ್ದು. ಅವನು ಜಗಲಿಯಲ್ಲಿ ಕೂತು ಹೊಸ ಪೀಪಿಯನ್ನು ನೀರಿನಲ್ಲಿ ನೆನೆಸುತ್ತಿದ್ದ. ನನ್ನನ್ನು ಕಂಡವನೇ, "ಬಾರಯ್ಯ, ಸೋಮವಾರ ನಾಲ್ಕು ವಿಕೆಟ್ ಬೀಳುತ್ತೆ. ಆಮೇಲೆ ನಿಂದೇ ಬ್ಯಾಟಿಂಗು" ಅಂದ. ಅವಳು ಕಾಫಿ ತಂದು ಕೊಟ್ಟಳು. ಲೋಟ ನನ್ನ ಕೈಗೆ ಬರುವ ಮೊದಲೇ ಕೇಳಿದಳು.

"ಮೊನ್ನೆ ಗುರುವಾರ ಅಲ್ಲಿಗೆ ಹೋಗಿದ್ರಲ್ಲ ಅಣ್ಣಾ, ಡಾಕ್ಟರಮ್ಮನ್ನ ಕೇಳಿದ್ರಾ?"

ಈಗ ನೆನೆದರೂ ನನಗೆ ಅರ್ಥವಾಗುವುದಿಲ್ಲ. ಬಾಯಿಯ ತುದಿಯಲ್ಲಿ ಸತ್ಯವಿತ್ತು. ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅವನಿಗೆ ಸೆಟ್ ಮಾಡಿಕೊಟ್ಟು ನಾನು ಗಳಿಸಬೇಕಾದ್ದು ಏನೂ ಇರಲಿಲ್ಲ, ಅವನ ಹತ್ತಿರ ನಾನು ಕೈಯೊಡ್ಡುವವನೂ ಅಲ್ಲ. ಆದರೆ ಆ ಭಾನುವಾರ ಬಳೆಯ ಮಾತು ಆಡಿ ನಕ್ಕಿದ್ದೆನಲ್ಲ, ಆ ನಗೆಯನ್ನು ಅವಳ ಎದುರಿಗೇ ನುಂಗಬೇಕಿತ್ತು. ನೀನು ಹೇಳಿದ್ದೇ ಸರಿ ಕಣಮ್ಮ, ನನಗೇ ಗೊತ್ತಿರಲಿಲ್ಲ ಎನ್ನಬೇಕಿತ್ತು. ಹಲ್ಲಿನ ಡಾಕ್ಟ್ರು ಅನ್ನಿಸಿಕೊಂಡವನಿಂದ ಅಷ್ಟು ಆಗಲಿಲ್ಲ.

"ಕೇಳ್ದೆ. ಗ್ಯಾರಂಟಿ ಇಲ್ಲ ಅಂತ ಅವ್ರೇ ಅಂದ್ರು" ಅಂದೆ.

"ಹಂಗಂದ್ರಾ? ನನ್ನ ಹತ್ರ ಹಂಗೆ ಹೇಳ್ಲಿಲ್ವಲ್ಲ."

"ಪೇಷಂಟ್ ಹತ್ರ ಎಲ್ಲಾ ಹೇಳ್ತಾರೇನಮ್ಮ? ನಾವು ನಾವು ಕೆಲಸದವರು, ನಮ್ಮ ಹತ್ರ ಹೇಳ್ತಾರೆ."

ಅವಳು ನನ್ನನ್ನು ನೋಡುತ್ತಾ ನಿಂತಳು. ಅನುಮಾನದ ನೋಟವಲ್ಲ ಅದು. ನನ್ನ ಮಾತಿಗೆ ಜಾಗ ಮಾಡಿಕೊಡಲು ತನ್ನ ಆಸೆಯನ್ನು ಪಕ್ಕಕ್ಕೆ ಸರಿಸುತ್ತಿದ್ದಳು. "ನೀವು ಹೇಳಿದ ಮೇಲೆ ಆಯ್ತು ಬಿಡಿ" ಎಂದು ಒಳಗೆ ಹೋದಳು. ನಾನು ಕಾಫಿ ಕುಡಿದೆ. ಸಕ್ಕರೆ ಸರಿಯಾಗಿತ್ತು ಎಂಬುದೂ ನೆನಪಿದೆ.

ಸೋಮವಾರ ಭದ್ರಾವತಿಯಲ್ಲೇ ಒಬ್ಬ ವಯಸ್ಸಾದ ಡಾಕ್ಟರ ಬಳಿ ನಾಲ್ಕೂ ಹಲ್ಲು ಕೀಳಿಸಿದ. "ಇವೆರಡು ಗಟ್ಟಿ ಇದಾವಲ್ಲಯ್ಯ" ಎಂದು ಅವರು ಎರಡು ಸಲ ಹೇಳಿದರಂತೆ. "ನಮ್ಮ ಡಾಕ್ಟ್ರು ತೆಗ್ಸು ಅಂದಿದಾರೆ" ಎಂದು ಇವನು ಹಟ ಹಿಡಿದನಂತೆ. ಬಾಯಿಗೆ ಹತ್ತಿ ಕಚ್ಚಿಕೊಂಡೇ ನನ್ನ ಕೋಣೆಗೆ ಬಂದು, ಪೇಪರಿನಲ್ಲಿ ಸುತ್ತಿದ್ದ ಹಲ್ಲುಗಳನ್ನು ಮೇಜಿನ ಮೇಲೆ ಇಟ್ಟ. ಬಿಚ್ಚಿ ನೋಡಿ ನಾನು ಕುರ್ಚಿಯಲ್ಲೇ ಹಿಂದಕ್ಕೆ ಸರಿದೆ. ಎರಡರ ಬೇರು ಕರೆಗಟ್ಟಿ ಕಪ್ಪಾಗಿತ್ತು. ಇನ್ನೆರಡರ ಬೇರು ಸ್ವಚ್ಛ, ಹಳದಿ, ಗಟ್ಟಿ. ಇನ್ನೂ ಇಪ್ಪತ್ತು ವರ್ಷ ದುಡಿಯಬಹುದಾಗಿದ್ದ ಹಲ್ಲುಗಳು. ಒಂದರ ತುದಿಯಲ್ಲಿ ಮೂಳೆಯ ಚೂರು ಅಂಟಿತ್ತು.

ಗಾಯ ಮಾಯುವವರೆಗೆ ಮೂರು ತಿಂಗಳು ಕಾದು ಪ್ಲೇಟು ಮಾಡಿದೆ. ಅಷ್ಟು ಶ್ರದ್ಧೆಯಿಂದ ಇನ್ನೊಂದು ಮಾಡಿಲ್ಲ. ಅವನ ಮದುವೆಯ ಫೋಟೋ ಇಟ್ಟುಕೊಂಡು, ಒಂದು ಹಲ್ಲು ಸ್ವಲ್ಪ ಓರೆಯಾಗಿದ್ದುದನ್ನೂ ಹಾಗೇ ಕೂರಿಸಿದೆ. ಕೋಣೆಯಲ್ಲೇ ನಾಗಸ್ವರ ಹಿಡಿದು ಸ್ವಲ್ಪ ಊದಿದ. ಪ್ಲೇಟು ಜಾರದೆ ನಿಂತಿತು. "ಬಾಯೊಳಗೆ ಬಾಡಿಗೆಯವರು ಇದ್ದಂಗಿದೆ" ಅಂದ. "ರೂಢಿ ಆಗುತ್ತೆ" ಅಂದೆ.

ಪ್ಲೇಟು ಹಾಕಿಕೊಂಡ ಮೇಲೆ ಶಿವಮೊಗ್ಗದ ಒಂದು ಛತ್ರದಲ್ಲಿ ಮದುವೆ. ಹುಡುಗಿಯ ತಂದೆ ನಮಗಿಬ್ಬರಿಗೂ ಪರಿಚಯದವರು, ಹಾಗಾಗಿ ನಾನೂ ಹೋಗಿದ್ದೆ. ಗೆಳೆಯ ವೇದಿಕೆಯ ಬಲಗಡೆ ಕೂತಿದ್ದ. ಕಾಶಿಯಾತ್ರೆಗೆ ಊದಿದ, ಅಡ್ಡಿಯಾಗಲಿಲ್ಲ. ನಡುನಡುವೆ ತುಟಿ ಒರೆಸಿಕೊಳ್ಳುವ ನೆಪದಲ್ಲಿ ಹೆಬ್ಬೆರಳಿನಿಂದ ಪ್ಲೇಟನ್ನು ಮೇಲಕ್ಕೆ ಒತ್ತುತ್ತಿದ್ದ. ಅದು ಗೊತ್ತಾದದ್ದು ಇಬ್ಬರಿಗೆ. ಒಬ್ಬ ನಾನು. ಹೆಂಗಸರ ಸಾಲಿನಲ್ಲಿದ್ದ ಅವನ ಹೆಂಡತಿ ಇನ್ನೊಬ್ಬಳು.

ಮುಹೂರ್ತ ಬಂತು. ಪುರೋಹಿತರು ಕೈಯೆತ್ತಿದರು. "ಗಟ್ಟಿಮೇಳ! ಗಟ್ಟಿಮೇಳ!" ಡೋಲು ಸಿಡಿಯಿತು. ಅವನು ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಎಂದಿನಂತೆ ಪೂರ್ತಿ ಉಸಿರು ಕೊಟ್ಟ. ನಾಗಸ್ವರ ಒಂದೇ ಒಂದು ಸಲ, ಕುತ್ತಿಗೆ ಹಿಸುಕಿದ ಹಾಗೆ ಕಿರುಚಿ ನಿಂತುಹೋಯಿತು. ಅವನು ಮುಂದಕ್ಕೆ ಬಾಗಿದ. ಬಾಯಿಂದ ಏನೋ ಹಾರಿ, ಜಮಖಾನದ ಮೇಲೆ ಚೆಲ್ಲಿದ್ದ ಅಕ್ಷತೆಯ ನಡುವೆ ಬಿತ್ತು. ಗುಲಾಬಿ ಬಣ್ಣದ ಪ್ಲೇಟು, ನಾಲ್ಕು ಹಲ್ಲು.

ಯಾರೋ ನಕ್ಕರು. ಇನ್ನಷ್ಟು ಜನ ನಕ್ಕರು. ನಾನು ಎದ್ದು ನಿಂತಿದ್ದೆ, ಅವನ ಹತ್ತಿರ ಹೋಗಲಿಲ್ಲ. ಡೋಲು ಒಂಟಿಯಾಗಿ ಬಡಿಯುತ್ತಿತ್ತು. ಗಟ್ಟಿಮೇಳವಿಲ್ಲದೆ ತಾಳಿ ಕಟ್ಟಿದ ಹಾಗಾಯಿತು. ಹುಡುಗನ ಕಡೆಯ ಹಿರಿಯ ಹೆಂಗಸೊಬ್ಬರು, "ಇದೆಂಥ ಅಪಶಕುನ! ಹಲ್ಲಿಲ್ಲದವನನ್ನ ಯಾರ್ರೀ ಕರೆಸಿದ್ದು?" ಎಂದು ಕೂಗಿದರು. ಗೆಳೆಯ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಜಮಖಾನ ತಡಕುತ್ತಿದ್ದ. ಅವನ ಹೆಂಡತಿ ಬಂದಳು. ಅಷ್ಟು ಜನರ ನಡುವೆ ಮಂಡಿಯೂರಿ ಪ್ಲೇಟನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಅವನು ಮತ್ತೆ ಮದುವೆಯಲ್ಲಿ ಊದಲಿಲ್ಲ.

ನಾನು ಪ್ಲೇಟನ್ನು ಮೂರು ಸಲ ಹೊಸದಾಗಿ ಮಾಡಿದೆ. ಪ್ರತಿ ಸಲ ಅಚ್ಚು ತೆಗೆದಾಗ ಬೆರಳಾಡಿಸಿ ನೋಡುತ್ತಿದ್ದೆ. ಹಲ್ಲು ಹೋದ ಜಾಗದ ಮೂಳೆ ಹಿಂದಿನ ಸಲಕ್ಕಿಂತ ಇಳಿದಿರುತ್ತಿತ್ತು. ಇದು ನನಗೆ ಗೊತ್ತಿಲ್ಲದ್ದಲ್ಲ. ಹಲ್ಲು ಕಿತ್ತರೆ ಮೂಳೆ ಕರಗುತ್ತದೆ, ಸೆಟ್ ಸಡಿಲವಾಗುತ್ತದೆ, ಜನ ಮತ್ತೆ ಬರುತ್ತಾರೆ. ಆ ಕರಗುವುದರ ಮೇಲೇ ನಾನು ಇಷ್ಟು ವರ್ಷ ಬದುಕಿದ್ದೆ. ಅವನ ತಮ್ಮ ಬೇರೆ ಊರಿನಿಂದ ನಾಗಸ್ವರದವರನ್ನು ಕರೆಸಿ ಮೇಳ ನಡೆಸಿದ. ಇವನು ಹಿಂದೆ ಕೂತು ಶ್ರುತಿ ಪೆಟ್ಟಿಗೆ ಒತ್ತುತ್ತಿದ್ದ.

ಮನೆಯಲ್ಲಿ ಅವನ ಸಿಟ್ಟೆಲ್ಲ ಹೆಂಡತಿಯ ಮೇಲೆ. ನನ್ನೆದುರಿಗೇ ಹೇಳುತ್ತಿದ್ದ: "ಇವಳು ಶಿವಮೊಗ್ಗ, ಗಾಜು, ಎಕ್ಸ್‌ರೇ ಅಂತ ಸುತ್ತಿಸಿ ದಿನ ಹಾಳು ಮಾಡಿದ್ಲು ಕಣೋ. ಮೊದ್ಲೇ ನಿನ್ನ ಹತ್ರ ಬಂದು ಕೀಳಿಸಿದ್ರೆ ಪ್ಲೇಟು ನೆಟ್ಟಗೆ ಕೂರ್ತಿತ್ತು." ಅವಳು ಅನ್ನವನ್ನು ಮೆತ್ತಗೆ ಮಾಡಿ ಬಡಿಸುತ್ತಿದ್ದಳು. ನಾನು ಅಲ್ಲೇ ಕೂತಿರುತ್ತಿದ್ದೆ.

ಮದುವೆಯ ಆ ದಿನ ಕಳೆದು ಒಂದು ವರ್ಷದ ಮೇಲಾಗಿತ್ತು. ದುರ್ಗಿಗುಡಿಯ ಕ್ಲಿನಿಕ್ಕಿನಲ್ಲಿ ಅಡಿಕೆ ಮಂಡಿಯ ಗುಮಾಸ್ತರೊಬ್ಬರು ಕುರ್ಚಿಯಲ್ಲಿ ಒರಗಿದ್ದರು. ಆ ಗುರುವಾರ ನನ್ನ ಅಂಗೈಗೆ ಬಂದ ಪುಡಿ ಉಳಿದದ್ದು ಅವರಿಗೆ ತುಂಬಿದ್ದರಲ್ಲಿ. ಡಾಕ್ಟರಮ್ಮ ನನ್ನನ್ನು ಕರೆದರು. "ನೋಡಿ ಅಂಕಲ್, ಎಕ್ಸ್‌ರೇಲಿ ಬೆಳ್ಳಗೆ ಕಾಣೋದನ್ನ ಮಾತ್ರ ನಂಬಾರ್ದು, ಪುಡಿನೂ ಬೆಳ್ಳಗೇ ಕಾಣುತ್ತೆ. ಹಲ್ಲನ್ನೇ ಹಿಡಿದು ನೋಡಿ." ಗ್ಲೌಸು ಹಾಕಿಕೊಂಡು ಹಿಡಿದೆ. ಅಲ್ಲಾಡಿಸಲು ನೋಡಿದೆ. ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು. ಇನ್ನೂ ಬಲ ಹಾಕಿದೆ. "ಅಯ್ಯೋ, ನಿಧಾನ ಸ್ವಾಮಿ, ಕಿತ್ತೇ ಬಿಡ್ತೀರಲ್ಲ!" ಎಂದು ಗುಮಾಸ್ತರು ನಕ್ಕರು.

ನನ್ನ ಕೈ ಅವರ ಬಾಯಲ್ಲೇ ಇತ್ತು. ಎಳೆದುಕೊಳ್ಳುವುದು ಹೊಳೆಯಲಿಲ್ಲ. ಡಾಕ್ಟರಮ್ಮನ ಮಾತಾಗಿ, ಅಂಗೈಯ ಪುಡಿಯಾಗಿ ಗೊತ್ತಿದ್ದುದು ಈಗ ಮನುಷ್ಯನ ಬಾಯಲ್ಲಿ ಮೂಳೆಯಾಗಿತ್ತು. ಅವನ ಬಾಯಲ್ಲೂ ಆಗಬಹುದಿತ್ತು. ಆಗದೆಯೂ ಇರಬಹುದಿತ್ತು, ಆದರೆ ಆಗಬಹುದಾಗಿತ್ತು. ಗುಮಾಸ್ತರು ಎದ್ದು ಹೋದ ಮೇಲೆ ಅಲ್ಲೇ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ, ನಿಮ್ಮ ಮಾತನ್ನು ಅರ್ಧಕ್ಕೆ ಕತ್ತರಿಸಿ ಒಯ್ದೆ, ತಪ್ಪಾಯಿತು ಎಂದೆ. ಆಕೆ ಗ್ಲೌಸು ಬಿಚ್ಚಿ ಬುಟ್ಟಿಗೆ ಹಾಕಿದರು. ಆಮೇಲೆ, "ನನಗೆ ಹೇಳಿ ಏನು ಪ್ರಯೋಜನ ಅಂಕಲ್" ಅಂದರು.

ಮರುದಿನ ಬೆಳಿಗ್ಗೆ ನೀರಿನ ಚಾನಲ್ಲಿನ ಏರಿಯ ಮೇಲೆ ಗೆಳೆಯನ ಜೊತೆ ನಡೆಯುತ್ತಾ ಅವನಿಗೂ ಹೇಳಿದೆ. ಮುಚ್ಚಿಡದೆ, ಶನಿವಾರದ ಕಾಫಿಯ ತನಕ. ನಿಂತು ಕೈಮುಗಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ.

ಅವನು ನೀರಿನ ಕಡೆ ನೋಡುತ್ತಾ, "ನಂಗೆ ಚಾಕು ಅಂದ್ರೆ ಭಯ ಮಾರಾಯ" ಅಂದ. "ಒಸಡು ಸೀಳ್ತಾರೆ ಅಂದಾಗ್ಲೇ ನಂಗೆ ಬೆವರು ಕಿತ್ಕೊಂಡಿತ್ತು. ನೀನು ಬೇಡ ಅಂದಿದ್ದೇ ಹಬ್ಬ ಆಯ್ತು. ನೀನು ಬೇಕು ಅಂದಿದ್ರೂ ನಾನು ಒಪ್ತಿದ್ನೋ ಇಲ್ವೋ. ಬಿಡು."

"ಅವಳಿಗೆ ಹೇಳ್ತೀನಿ ಕಣೋ. ಇವತ್ತೇ ಬರ್ತೀನಿ."

ಅವನು ತಟ್ಟನೆ ತಿರುಗಿದ.  "ಹೇಳಿಬಿಟ್ಟೀಯ! ಎರಡು ವರ್ಷದಿಂದ ಅವಳಿಗೆ ಏನೇನು ಅಂದಿದೀನಿ ಗೊತ್ತಾ ನಿಂಗೆ? ಅದನ್ನೆಲ್ಲ ನಾನು ಯಾವ ಮುಖ ಇಟ್ಕೊಂಡು ವಾಪಸ್ ತಗೊಳ್ಳಿ? ನನ್ನ ಮೇಲಾಣೆ, ಹೇಳ್ಬೇಡ."

ಕ್ಷಮೆ ಕೇಳಲು ಹೋದವನು ನಾನು. ಅವನ ಮಾತು ಕೇಳಿ ದಂಗಾದೆ. ಅದಕ್ಕಿಂತ ದಂಗಾದದ್ದು ನನ್ನೊಳಗೆ ಆದ ಹಗುರ ಕಂಡು. ಹೇಳಬೇಕಾಗಿಲ್ಲ ಎಂದು ಆಣೆಯೇ ಸಿಕ್ಕಿತ್ತು. "ಆಯ್ತು" ಅಂದೆ. ಇಬ್ಬರು ಗಂಡಸರು ಏರಿಯ ಮೇಲೆ ನಿಂತು, ಅಲ್ಲಿಲ್ಲದ ಒಬ್ಬ ಹೆಂಗಸಿನ ತಲೆಯ ಮೇಲೆ ಇದನ್ನು ಇಟ್ಟು ಮನೆಗೆ ಹೋದೆವು.

ಎರಡು ವರ್ಷದ ಹಿಂದೆ ಅವನು ಹೃದಯಾಘಾತದಿಂದ ಹೋದ. ಬೆಳಿಗ್ಗೆ ಹತ್ತು ಗಂಟೆಗೆ ಹೆಣವನ್ನು ಜಗಲಿಯಲ್ಲಿ ಮಲಗಿಸಿದ್ದರು. ಬನ್ನಿ ಎಂದು ಅವಳು ಸನ್ನೆ ಮಾಡಿದಳು. ಹತ್ತಿರ ಹೋದೆ. ಅವಳ ಕೈಯಲ್ಲಿ ಪ್ಲೇಟು.

"ಹಾಕಿ ಕಳಿಸ್ಲಾ ಅಣ್ಣಾ? ಬಾಯಿ ಒಳಗೆ ಹೋಗ್ಬಿಟ್ಟಿದೆ, ಅವರ ಮುಖಾನೇ ಅಲ್ಲ ಅನ್ನಿಸ್ತಿದೆ."

ನಾನೇ ಹಾಕಿದೆ. ಆಗ ಅವಳು ಯಾರಿಗೂ ಕೇಳಿಸದಂತೆ ಅಂದಳು: "ನಾನು ಅವತ್ತು ಶಿವಮೊಗ್ಗ ಅಂತ ಓಡಾಡದೆ ಸೀದಾ ನಿಮ್ಮ ಹತ್ರ ಕರ್ಕೊಂಡು ಬಂದಿದ್ರೆ ಇವರು ಕೊನೇತನಕ ಊದ್ತಿದ್ರು. ಅಲ್ವಾ?"

ಆಣೆ ಹಾಕಿಸಿಕೊಂಡವನು ಸತ್ತು ಮಲಗಿದ್ದ. ಇನ್ನು ಯಾರ ಮುಖ ಉಳಿಸಬೇಕಿತ್ತು? "ಅದೆಲ್ಲ ಯಾಕಮ್ಮ ಈಗ" ಅಂದೆ. ಅದನ್ನು ಅವಳು ಹೌದು ಎಂದೇ ತಿಳಿದಳು. ತಲೆಯಾಡಿಸಿ, ಅವನ ತುಟಿಯನ್ನು ಪ್ಲೇಟಿನ ಮೇಲೆ ಸರಿಯಾಗಿ ಎಳೆದು ಕೂರಿಸಿದಳು.

ಈಗಲೂ ಅವಳು ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇದ್ದಾಳೆ. ಮೊನ್ನೆ, ನಾನು ಕೋಣೆ ಮುಚ್ಚಿದ ಸುದ್ದಿ ಕೇಳಿ ನೋಡಲು ಬಂದಿದ್ದಳು. ತನ್ನ ತಪ್ಪಿನಿಂದ ಗಂಡನ ನಾಗಸ್ವರ ನಿಂತಿತು ಎಂದೇ ನಂಬಿ ಬದುಕುತ್ತಿದ್ದಾಳೆ. ಡಾಕ್ಟರಮ್ಮನ ಕ್ಷಮೆ ಕೇಳಿದ್ದೇನೆ, ಗೆಳೆಯನ ಕ್ಷಮೆಯನ್ನೂ ಕೇಳಿದ್ದೇನೆ. ಸರಿಯಾದದ್ದನ್ನು ಮೊದಲೇ ಹೇಳಿದ್ದವಳು, ಗಂಡನ ಉಸಿರು ಉಳಿಸಲು ಶಿವಮೊಗ್ಗದ ದಾರಿ ಹುಡುಕಿದವಳು ಒಬ್ಬಳೇ. ಕ್ಷಮೆ ಕೇಳದೆ ಉಳಿದಿರುವುದು ಅವಳನ್ನೇ, ನನ್ನ ಗೆಳೆಯನ ಹೆಂಡತಿಯನ್ನು.